ಶಾಸನದ ಕೊನೆಯ ಸಾಲು

ದೇವರಿಗೆ ಬಿಟ್ಟ ಹೊಲದ ಗಡಿಯಲ್ಲಿ ಒಂದು ಶಾಸನದ ಕಲ್ಲಿತ್ತು. ಅದರ ಬುಡದಲ್ಲಿ ಹೆಗ್ಗಣವೊಂದು ಬಿಲ ತೋಡತೊಡಗಿತು.

"ನಿಲ್ಲು," ಎಂದಿತು ಕಲ್ಲು. "ಇದು ದೇವರ ಮಣ್ಣು. ಇದನ್ನು ಕಸಿದವನು ಅರವತ್ತು ಸಾವಿರ ವರ್ಷ ಸಗಣಿಯ ಹುಳುವಾಗಿ ಬಿದ್ದಿರುತ್ತಾನೆಂದು ನನ್ನ ಕೊನೆಯ ಸಾಲಿನಲ್ಲಿ ಕೊರೆದಿದೆ."

"ಕೊರೆದವನೂ ಸತ್ತ, ಹೆದರಿದವರೂ ಸತ್ತರು," ಎಂದು ಹೆಗ್ಗಣ ನಕ್ಕಿತು.

ಪಕ್ಕದ ಸಗಣಿಯಿಂದ ಹುಳುವೊಂದು ತಲೆಯೆತ್ತಿತು. "ಈ ಊರಿನ ಒಡೆಯನಾಗಿದ್ದಾಗ ನಾನೂ ಇಲ್ಲೇ ನಿಂತು ಹೀಗೇ ನಕ್ಕಿದ್ದೆ. ಬರೀ ಹೆದರಿಸಲು ಬರೆದದ್ದು ಎಂದುಕೊಂಡಿದ್ದೆ. ನನ್ನನ್ನು ಉಳಿಸಲು ಬರೆದದ್ದೆಂದು ಹುಳುವಾದ ಮೇಲೆ ತಿಳಿಯಿತು."

ಹೆಗ್ಗಣ ತೋಡುವುದನ್ನು ನಿಲ್ಲಿಸಿತು. "ಎಷ್ಟು ವರ್ಷವಾಯಿತು?"

"ಒಂಬೈನೂರು. ಇದಿನ್ನೂ ಶುರು."

ಹೆಗ್ಗಣ ಮೆಲ್ಲಗೆ ತನ್ನ ಮುಂಗಾಲು ನೋಡಿಕೊಂಡಿತು. ಉಗುರಿನ ಸಂದಿಯಲ್ಲಿ ಆಗಲೇ ಮಣ್ಣಿತ್ತು.