ಇನ್ನೊಂದು ಎಮ್ಮೆಯ ಪಟ್ಟಿ

“ಗುರುಗಳೇ, ಜೊತೆಯವನ ಕೆಲಸದಲ್ಲಿ ನಾನು ತಪ್ಪು ತೋರಿಸಿದರೆ ಎಲ್ಲರೂ ಹೊಟ್ಟೆಕಿಚ್ಚು ಎನ್ನುತ್ತಾರೆ. ಆದರೆ ನಾನು ತೋರಿಸಿದ ತಪ್ಪುಗಳೆಲ್ಲ ನಿಜವಾದ ತಪ್ಪುಗಳೇ. ಹಾಗಿದ್ದರೆ ನನ್ನದೇನು ದೋಷ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಎಲೆಯಡಿಕೆಯನ್ನು ದವಡೆಗೆ ಸರಿಸಿ ಕತೆ ಹೇಳಿದರು.

ಒಂದೂರಿನಲ್ಲಿ ಇಬ್ಬರು ಪಟ್ಟಿಗಾರರಿದ್ದರು. ಊರು ಯಾವುದೆಂದು ಕೇಳಬೇಡ. ಹೋದ ಸಲ ಹೇಳಿದಾಗ ಅದು ಹೊಳೆಯ ಆಚೆ ದಡದಲ್ಲಿತ್ತು. ದನ ಎಮ್ಮೆಗಳ ಕೊರಳಿಗೆ ರೇಡಿಯೋ ಪಟ್ಟಿ ಮಾಡುವುದು ಅವರ ಕಸುಬು. ಪಟ್ಟಿಯಲ್ಲೊಂದು ಡಬ್ಬಿ. ಎಮ್ಮೆ ಕಾಡಿನ ಯಾವ ಮೂಲೆಯಲ್ಲಿದ್ದರೂ ಆ ಡಬ್ಬಿ ಒಡೆಯನಿಗೆ ಸುಳಿವು ಕೊಡಬೇಕು. ಕೇಳುವುದಕ್ಕೆ ಸುಲಭ. ಆದರೆ ಎಮ್ಮೆ ಕೆಸರಿನಲ್ಲಿ ಹೊರಳುತ್ತದೆ, ಮರಕ್ಕೆ ಕೊರಳುಜ್ಜುತ್ತದೆ, ಜೊತೆಯ ಎಮ್ಮೆಯ ಕೊರಳು ನೆಕ್ಕುತ್ತ ಪಟ್ಟಿಯನ್ನೂ ಜಗಿಯುತ್ತದೆ.

ಗೌಳಿಯೊಬ್ಬ ಇಬ್ಬರಿಂದಲೂ ಒಂದೊಂದು ಪಟ್ಟಿ ತಂದು ಎರಡು ಎಮ್ಮೆಗಳಿಗೆ ಕಟ್ಟಿದ. “ಮಳೆಗಾಲ ಕಳೆಯಲಿ. ನಡುವೆ ಬಂದು ರಿಪೇರಿ ಮಾಡಿಕೊಳ್ಳಿ, ಬೇಡ ಅನ್ನೋದಿಲ್ಲ. ಕೊನೆಗೆ ಯಾರದು ಗಟ್ಟಿಯೋ ಇಡೀ ಹಿಂಡಿಗೆ ಅವರದೇ” ಎಂದ.

ಹಿರಿಯ ಪಟ್ಟಿಗಾರನಿಗೆ ಅಂದಿನಿಂದ ಅನ್ನ ಸೇರಲಿಲ್ಲ. ನಿನ್ನೆ ಮೊನ್ನೆ ಕಸುಬಿಗಿಳಿದ ಕಿರಿಯನನ್ನು ತನ್ನ ಸಮಕ್ಕೆ ನಿಲ್ಲಿಸಿದ್ದೇ ಅವನಿಗೆ ಉರಿ. ಆ ಉರಿಯಲ್ಲೇ ಹೆಂಡತಿ ರೊಟ್ಟಿ ಬೇಯಿಸುತ್ತಿದ್ದಳಂತೆ. ಸುಳ್ಳಲ್ಲ, ಆ ರೊಟ್ಟಿ ನಾನು ತಿಂದಿದ್ದೇನೆ, ಸ್ವಲ್ಪ ಸೀದಿತ್ತು.

ಅವನು ದಿನವೂ ಗೌಳಿಯ ದೊಡ್ಡಿಗೆ ಹೋದ. ಒಂದು ದಿನ ಕಿರಿಯನ ಡಬ್ಬಿಯ ಮುಚ್ಚಳದ ಸಂದಿಯಲ್ಲಿ ಹನಿ ನೀರು ಕಂಡಿತು. ಹಬ್ಬ ಬಂದಷ್ಟು ಸಂತೋಷವಾಯಿತು. ಚಹಾದಂಗಡಿಯಲ್ಲಿ ಕೂತು ಊರಿಗೆಲ್ಲ ಸಾರಿದ. ಮಾತು ಕಿರಿಯನ ಕಿವಿಗೂ ಬಿತ್ತು. ಅವನು ಹೋಗಿ ನೋಡಿದ, ನಿಜ. ಸಂದಿಗೆ ಮೇಣ ತುಂಬಿ ಬಂದ.

ಸುಳಿವು ಕಳಿಸುವ ತಂತಿ ಡಬ್ಬಿಯಿಂದ ಹೊರಗೆ ಚಾಚಿದೆ, ಪೊದೆಗೆ ಸಿಕ್ಕಿ ಮುರಿಯುತ್ತದೆ ಎಂದು ಹಿರಿಯ ನಕ್ಕ. ಕಿರಿಯ ಅದನ್ನು ಪಟ್ಟಿಯ ಎರಡು ಪದರದ ನಡುವೆ ಇಟ್ಟು ಹೊಲಿದ. ಹೊಲಿಗೆಯನ್ನು ಎಮ್ಮೆ ಜಗಿದಿದೆ ಎಂದು ಹಿರಿಯ ಕುಣಿದ. ಕಿರಿಯ ಹೊಲಿಗೆಗೆ ಬೇವಿನೆಣ್ಣೆ ಸವರಿದ. ಆಮೇಲೆ ಯಾವ ಎಮ್ಮೆಯೂ ಅದನ್ನು ಮೂಸಲಿಲ್ಲ.

ಹಿರಿಯನ ಪಟ್ಟಿ ಕಟ್ಟಿದ ಎಮ್ಮೆಯೂ ಅಲ್ಲೇ ನಿಂತಿರುತ್ತಿತ್ತು. ಅಡ್ಡ ಬಂದರೆ ಅವನು ಅದನ್ನು ಪಕ್ಕಕ್ಕೆ ತಳ್ಳಿ ಇನ್ನೊಂದರ ಕೊರಳು ನೋಡುತ್ತಿದ್ದ.

ಮಳೆ ನಿಂತಿತು. ಎರಡೂ ಎಮ್ಮೆಗಳು ಕಾಡಿನಲ್ಲಿದ್ದವು. ಕಿರಿಯನ ಡಬ್ಬಿ ಸುಳಿವು ಕೊಟ್ಟಿತು. ಹಿರಿಯನದು ಉಸಿರೆತ್ತಲಿಲ್ಲ. ಆ ಎಮ್ಮೆಯನ್ನು ಕಾಡೆಲ್ಲ ಅಲೆದು ಹುಡುಕಿ ತಂದು ಡಬ್ಬಿ ಬಿಚ್ಚಿದರೆ ಒಳಗೆ ಕಪ್ಪೆ ಈಜುತ್ತಿತ್ತು. ಕಪ್ಪೆಯೋ ಗೊದಮೊಟ್ಟೆಯೋ, ನಾನು ಅಷ್ಟು ಹತ್ತಿರ ಹೋಗಲಿಲ್ಲ.

“ಅಲ್ಲ ಮಾರಾಯ, ಮುಚ್ಚಳದ ಸಂದಿಯಲ್ಲಿ ನೀರಿಳಿಯುತ್ತೆ ಅಂತ ಊರಿಗೆಲ್ಲ ಡಂಗುರ ಹೊಡೆದವನು ನೀನೇ. ನಿನ್ನ ಡಬ್ಬಿಗೆ ಮೇಣ ಹಾಕೋಕೆ ಏನಾಗಿತ್ತು ನಿನಗೆ?” ಎಂದ ಗೌಳಿ.

“ನನ್ನದರಲ್ಲೂ ತಪ್ಪಿದೆ ಅಂತ ಯಾರೂ ಹೇಳಲೇ ಇಲ್ಲವಲ್ಲ!” ಎಂದ ಹಿರಿಯ.

ಗೌಳಿ ಇಡೀ ಹಿಂಡಿಗೆ ಕಿರಿಯನಿಂದಲೇ ಪಟ್ಟಿ ಮಾಡಿಸಿದ. ಹಿರಿಯ ಅದರಲ್ಲೊಂದನ್ನು ಕೈಗೆತ್ತಿಕೊಂಡು ತಿರುಗಿಸಿ ಮುರುಗಿಸಿ ನೋಡಿದ. ಹುಡುಕಲು ಒಂದು ತಪ್ಪೂ ಉಳಿದಿರಲಿಲ್ಲ.

ಶಿಷ್ಯ ನಕ್ಕುಬಿಟ್ಟ. “ಏನೇ ಆಗಲಿ ಗುರುಗಳೇ, ಅವನ ಕಣ್ಣು ಮಾತ್ರ ಬಲು ಚುರುಕು.”

“ನಿನ್ನದೂ ಚುರುಕೇ ಮಗು, ಅದನ್ನು ಯಾರ ಮನೆಯಲ್ಲಿ ಜೀತಕ್ಕಿಟ್ಟಿದ್ದೀಯ?” ಎಂದರು ಗುರುಗಳು.