ನಾಯಕರು ಬಿಸಿಲಿಗೆ ಕೂತದ್ದು

ಚಿತ್ರಗಾರ ಗುಡ್ಡಪ್ಪನ ಬಲಗೈ ಹೆಬ್ಬೆರಳು ಕತ್ತರಿಸಿ ಎಂದು ಕೆಂಚನಾಯಕರು ಅಪ್ಪಣೆ ಕೊಟ್ಟಾಗ ಇನ್ನೂ ಊಟದ ಹೊತ್ತಾಗಿರಲಿಲ್ಲ.

ಅವನು ಮೂರು ವರ್ಷದ ಹಿಂದೆ ಬರೆದುಕೊಟ್ಟಿದ್ದ ನಾಯಕರ ಚಿತ್ರ ಬಿಳಿಚಿಕೊಂಡಿತ್ತು. ದಾಳಿಂಬೆ ಕೆಂಪಿನ ಅಂಗಿ ಮಸಿಬಟ್ಟೆಯಂತಾಗಿತ್ತು. ಮುಖವೋ, ಮೂರು ತಿಂಗಳು ಜ್ವರದಲ್ಲಿ ಮಲಗಿದ್ದವನ ಮುಖ. ಹಿಂದಿನ ದಿನ ಬಂದಿದ್ದ ನೆರೆಸೀಮೆಯ ಪಾಳೆಯಗಾರ, ಇದು ತೀರಿಕೊಂಡ ದೊಡ್ಡ ನಾಯಕರದಿರಬೇಕು ಎಂದುಕೊಂಡು ಅದಕ್ಕೆ ಕೈಮುಗಿದಿದ್ದ. ಅಲ್ಲಿಗೆ ನಾಯಕರ ಪಿತ್ತ ನೆತ್ತಿಗೇರಿತ್ತು.

ಅರಮನೆಯ ಪಾರುಪತ್ಯಗಾರ ವೆಂಕೋಜಿ ಉರಿಯುವ ಬೆಂಕಿಗೆ ತುಪ್ಪ ಸುರಿದ. ಕೊಟ್ಟ ಒಳ್ಳೆಯ ಬಣ್ಣವನ್ನು ಇವನು ಮನೆಗೆ ಸಾಗಿಸಿ, ಚಿತ್ರಕ್ಕೆ ಕಳಪೆ ಬಳಿದಿದ್ದಾನೆ ಎಂದ.

ಗುಡ್ಡಪ್ಪ ಅತ್ತುಕೊಂಡೇ ಹೇಳಿದ. ಚಿತ್ರ ಒಪ್ಪಿಸಿದ ದಿನವೇ ತಿಳಿಸಿದ್ದನಂತೆ: ಅರಗಿನ ಕೆಂಪು ಬಿಸಿಲು ತಾಳುವುದಿಲ್ಲ, ಬಡಗಣ ಗೋಡೆಗೆ ತೂಗುಹಾಕಿ, ಮುಂದೊಂದು ಪರದೆ ಇರಲಿ. ತಾನು ಮಾಡಬೇಕಾದದ್ದನ್ನೆಲ್ಲ ಅವನು ಮಾಡಿದ್ದ. ಹುಳು ಹಿಡಿಯದಿರಲೆಂದು ಅಂಟಿಗೆ ಮೈಲುತುತ್ತ ಬೆರೆಸಿದ್ದ. ಬಣ್ಣ ಚೌಕಟ್ಟಿನ ಗಾಜಿಗೆ ಅಂಟದಿರಲೆಂದು ನಡುವೆ ತೆಳು ಪಟ್ಟಿ ಕೊಟ್ಟಿದ್ದ. ಗೋಡೆಯ ತೇವ ತಾಗದಿರಲೆಂದು ಬೆನ್ನಿಗೆ ಹಲಗೆ ಹೊಡೆದಿದ್ದ. ವೆಂಕೋಜಿ ಅದನ್ನು ಒಯ್ದು ಪಡುವಣ ಕಿಟಕಿಯ ಎದುರಿಗೇ ತೂಗುಹಾಕಿಸಿದ್ದ. ನಾಯಕರ ಮುಖಕ್ಕೆ ಮುಸುಕೇ ಎಂದು ಪರದೆ ಕಿತ್ತೆಸೆದವನೂ ಅವನೇ.

"ಬಿಸಿಲಂತೆ ಬಿಸಿಲು," ಎಂದರು ನಾಯಕರು. "ನಾವು ಸೂರ್ಯವಂಶದವರು. ನಮ್ಮ ಮುಖವನ್ನು ಬಿಸಿಲು ಏನು ಮಾಡೀತು?"

ಮೂಲೆಯಲ್ಲಿ ಅಪ್ಪಣೆ ಬರೆಯುತ್ತಿದ್ದ ರಾಯಸದ ತಮ್ಮಯ್ಯ ಲೇಖನಿ ಕೆಳಗಿಟ್ಟ. ಸೂರ್ಯವಂಶ ಆ ಮನೆಗೆ ಬಂದು ಹನ್ನೊಂದು ವರ್ಷವಾಗಿತ್ತು. ಪರಸ್ಥಳದ ಭಟ್ಟನೊಬ್ಬ ಒಂದು ಜೋಡಿ ಶಾಲು ಹೊದೆಸಿಕೊಂಡು ವಂಶಾವಳಿ ಬರೆದುಕೊಟ್ಟು ಹೋಗಿದ್ದ. ಅದನ್ನು ದುಂಡಗೆ ಪ್ರತಿ ಮಾಡಿದವನು ತಮ್ಮಯ್ಯನೇ.

ಬೆರಳು ತೆಗೆದರೆ ಮತ್ತೆ ಹಚ್ಚಲಾಗದು, ಚೌಕಟ್ಟಾದರೆ ಹಚ್ಚಬಹುದು, ಮೊದಲು ಅದನ್ನು ಬಿಚ್ಚಿಸಿ ನೋಡೋಣ ಎಂದ ತಮ್ಮಯ್ಯ. ನಾಯಕರು ತಲೆಯಾಡಿಸಿದರು.

ಬಡಗಿ ಬಂದು ಮೊಳೆ ಕಿತ್ತ. ಚೌಕಟ್ಟಿನ ಅಂಚು ಮುಚ್ಚಿದ್ದ ಕಡೆ, ಚಿತ್ರದ ಸುತ್ತ ಒಂದು ಬೆರಳಗಲ, ಬಣ್ಣ ಬರೆದ ದಿನದಂತೆಯೇ ಇತ್ತು. ಅಂಗಿಯ ತುದಿ ಆಗ ತಾನೇ ಸೀಳಿದ ದಾಳಿಂಬೆಯಂತಿತ್ತು. ಅದರ ಪಕ್ಕಕ್ಕೇ ಮಸಿಬಟ್ಟೆ.

ಸಭೆಯವರು ಕತ್ತು ಚಾಚಿ ನೋಡಿದರು. ವೆಂಕೋಜಿ ಅಷ್ಟಕ್ಕೇ ಬಿಡಲಿಲ್ಲ. ನೋಡಿದಿರಾ ಇವನ ಕಳ್ಳಬುದ್ಧಿಯನ್ನು, ಅಂಚಿಗೆ ಮಾತ್ರ ಒಳ್ಳೆಯ ಬಣ್ಣ ಬಳಿದಿದ್ದಾನೆ ಎಂದ.

"ವೆಂಕೋಜಿಯವರೇ," ಎಂದ ತಮ್ಮಯ್ಯ, "ನೀವು ಕದಿಯುವಾಗ, ಯಾರೂ ಕಾಣದ ಕಡೆ ಬಿಟ್ಟು ಎಲ್ಲರೂ ಕಾಣುವ ಕಡೆ ಕದಿಯುತ್ತೀರಾ?"

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ವೆಂಕೋಜಿ ನಾಯಕರ ಮುಖ ನೋಡಿದ. ಸೂರ್ಯವಂಶದವರಿಗೆ ಬಿಸಿಲು ತಟ್ಟುತ್ತದೆಂದು ಹೇಳುವುದು ರಾಜದ್ರೋಹ ಎಂದ. ಅದು ನಾಯಕರಿಗೆ ಹಿಡಿಸಿತು. ಹೌದು, ದ್ರೋಹವೇ ಎಂದರು. ಬಾಗಿಲ ಬಳಿ ನಿಂತಿದ್ದವನು ಮಚ್ಚು ತರಲು ಹೋದ.

ಗುಡ್ಡಪ್ಪ ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡ.

ತಮ್ಮಯ್ಯ ಎದ್ದು ಕೈಮುಗಿದ. ವಂಶದ ಮಾತು ಬಂದಮೇಲೆ ಒಪ್ಪಲೇಬೇಕು ಎಂದ. ಆದರೆ ಈ ಊರಿನಲ್ಲಿ ಕೆಟ್ಟ ನಾಲಿಗೆಯವರು ಇದ್ದಾರೆ, ನಾಳೆ ಬಾವಿಕಟ್ಟೆಯ ಮೇಲೆ ಕೂತು ಬಿಸಿಲಿಂದಲೇ ಮಾಸಿತು ಎಂದು ಆಡಿಕೊಳ್ಳುತ್ತಾರೆ. ಅವರ ಬಾಯಿ ಮುಚ್ಚಿಸಬೇಕಾದರೆ ಪ್ರಭುಗಳು ಇವತ್ತೊಂದು ಮಧ್ಯಾಹ್ನ, ಚಿತ್ರ ಇದ್ದ ಜಾಗದಲ್ಲೇ, ಚಿತ್ರದಲ್ಲಿರುವ ಅಂಗಿ ಪೇಟ ಧರಿಸಿ ಕೂತು ತೋರಿಸಬೇಕು. ಹೊತ್ತು ಮುಳುಗಿದ ಮೇಲೆ ಬೆರಳು ಕತ್ತರಿಸಿದರಾಯಿತು.

"ಇಷ್ಟೇ ತಾನೇ?" ಎಂದರು ನಾಯಕರು. "ಅಷ್ಟರೊಳಗೆ ನಾವು ಎದ್ದರೆ ಇವನನ್ನು ಬಿಟ್ಟುಬಿಡಿ."

"ಹಾಗೆಂದು ಬರೆದುಕೊಳ್ಳಲೇ ಪ್ರಭು?"

"ಬರೆದುಕೊ."

ತಮ್ಮಯ್ಯ ಬರೆದುಕೊಂಡ. ಮುದ್ರೆಯನ್ನೂ ಒತ್ತಿಸಿಕೊಂಡ.

ವೈಶಾಖದ ಬಿಸಿಲು. ನಾಯಕರು ಉಂಡು, ಮಖಮಲ್ಲಿನ ಅಂಗಿ ತೊಟ್ಟು, ಜರಿಪೇಟ ಸುತ್ತಿಸಿಕೊಂಡು ಬಂದು ಕೂತರು. ಬಿಸಿಲು ಮೊದಲು ಪಾದಕ್ಕೆ ಬಂತು. ಆಗ ನಗುತ್ತಿದ್ದರು. ಮೊಣಕಾಲಿಗೆ ಬಂದಾಗ ಮಾತು ನಿಲ್ಲಿಸಿದರು. ಎದೆಗೆ ಬಂದಾಗ ಮೀಸೆಯ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ವೆಂಕೋಜಿ ಕೊಡೆ ಹಿಡಿದು ಓಡಿಬಂದ. ಚಿತ್ರಕ್ಕೆ ಯಾರೂ ಕೊಡೆ ಹಿಡಿದಿರಲಿಲ್ಲ ಎಂದು ತಮ್ಮಯ್ಯ ಅವನನ್ನು ತಡೆದ. ಬೀಸಣಿಗೆಯವನನ್ನೂ ಆಚೆ ಕಳಿಸಿದ.

ಬಿಸಿಲು ಮುಖಕ್ಕೆ ಬಂತು. ನಾಯಕರು ಕಣ್ಣು ಮುಚ್ಚಿದರು. ಪೇಟ ಸಡಿಲಿಸಿದರು. ಮಗ್ಗುಲು ಬದಲಿಸಿದರು. ಆಮೇಲೆ ಸೂರ್ಯನನ್ನು ಅವಾಚ್ಯವಾಗಿ ಬೈದು, ಎದ್ದು, ನೆರಳಿಗೆ ಹೋಗಿ ಒಂದು ತಂಬಿಗೆ ನೀರು ಗಟಗಟ ಕುಡಿದರು. ಮುಖ ಸುಟ್ಟ ಬದನೆಕಾಯಿಯ ಹಾಗಾಗಿತ್ತು.

"ಎಷ್ಟು ಹೊತ್ತಾಯಿತು?" ಎಂದು ಕೇಳಿದರು.

"ಎರಡು ಗಳಿಗೆ, ಪ್ರಭು," ಎಂದ ತಮ್ಮಯ್ಯ.

"ಎರಡೇ?"

"ಎರಡೇ. ಚಿತ್ರ ಮೂರು ವರ್ಷ ಕೂತಿತ್ತು. ಎದ್ದು ಹೋಗೋಣವೆಂದರೆ ಪಾಪ, ಅದಕ್ಕೆ ಗುಡ್ಡಪ್ಪ ಕಾಲು ಬರೆದಿರಲಿಲ್ಲ. ಸೊಂಟದವರೆಗೆ ಸಾಕು ಎಂದು ಅಪ್ಪಣೆಯಾಗಿತ್ತು."

ನಾಯಕರು ನಗಲಿಲ್ಲ. ತಮ್ಮಯ್ಯನಿಗೆ ಬಹುಮಾನ ಕೊಡಲಿಲ್ಲ. ಗುಡ್ಡಪ್ಪ ಹತ್ತು ಬೆರಳಿನೊಂದಿಗೆ ಮನೆಗೆ ಹೋದ.