ಗುಂಡುಬಂಡೆಯ ಅಹವಾಲು

ಮಂಗಳ ಮತ್ತು ಗುರು ಗ್ರಹಗಳ ನಡುವೆ ಸೂರ್ಯನನ್ನು ಸುತ್ತುವ ಕಲ್ಲುಗಳ ಹಿಂಡಿನಲ್ಲಿ ಒಂದು ದೊಡ್ಡ ಕ್ಷುದ್ರಗ್ರಹವಿತ್ತು. ಅದು ಬಹಳ ನಿಧಾನವಾಗಿ ತಿರುಗುತ್ತಿತ್ತು. ಹಾಗಾಗಿ ಅಲ್ಲಿ ಹಗಲು ಬಂದರೆ ಬೇಗ ಹೋಗುತ್ತಿರಲಿಲ್ಲ, ಇರುಳು ಬಂದರೂ ಅಷ್ಟೇ. ಅದರ ಒಂದು ಮಗ್ಗುಲಲ್ಲಿ ಗುಂಡುಬಂಡೆ, ಇನ್ನೊಂದು ಮಗ್ಗುಲಲ್ಲಿ ಚಪ್ಪಟೆಬಂಡೆ. ಒಂದಕ್ಕೆ ಬಿಸಿಲು ಬಿದ್ದಾಗ ಇನ್ನೊಂದಕ್ಕೆ ಕತ್ತಲೆ.

ಒಮ್ಮೆ ಇರುಳಿನ ಸರದಿ ಗುಂಡುಬಂಡೆಯದಾಗಿತ್ತು. ಚಳಿಗೆ ಅದರ ಮೈ ಬಿರಿಯತೊಡಗಿತು.

"ಅಜ್ಜಾ, ಸ್ವಲ್ಪ ಬೇಗ ತಿರುಗಿ. ಆ ಚಪ್ಪಟೆಬಂಡೆ ಇಷ್ಟು ಹೊತ್ತು ಬಿಸಿಲು ಕಾಯಿಸಿದ್ದು ಸಾಲದೇ? ಇದು ಯಾವ ನ್ಯಾಯ?" ಎಂದು ಅದು ಕ್ಷುದ್ರಗ್ರಹವನ್ನು ಕೇಳಿತು.

"ನನ್ನ ನಡೆಯೇ ಇಷ್ಟು, ಮಗು," ಎಂದಿತು ಕ್ಷುದ್ರಗ್ರಹ.

ಕೊನೆಗೂ ಸೂರ್ಯ ಮೂಡಿದ. ಬಿಸಿಲು ಮೊದಲು ಗುಂಡುಬಂಡೆಯ ನೆತ್ತಿಗೆ ತಾಗಿತು, ಆಮೇಲೆ ಬುಡದವರೆಗೂ ಇಳಿಯಿತು. ಮೈಯ ನೋವು ಮರೆತೇಹೋಯಿತು. ನಡುಹಗಲಾದಾಗ ಅದು ಮತ್ತೆ ಬಾಯಿ ತೆರೆಯಿತು.

"ಅಜ್ಜಾ, ನಿಮಗೂ ವಯಸ್ಸಾಯಿತು. ಎಷ್ಟೆಂದು ತಿರುಗುತ್ತೀರಿ? ಇಲ್ಲಿಯೇ ನಿಂತು ದಣಿವಾರಿಸಿಕೊಳ್ಳಿ."

"ಆಚೆಯಿಂದ ಚಪ್ಪಟೆಬಂಡೆ ಕೂಗುತ್ತಿದೆ. ಚಳಿ ತಡೆಯಲಾಗುತ್ತಿಲ್ಲವಂತೆ. ಅದಕ್ಕೆ ಏನು ಹೇಳಲಿ?" ಎಂದು ಕ್ಷುದ್ರಗ್ರಹ ಕೇಳಿತು.

ಗುಂಡುಬಂಡೆ ಕೊಂಚ ಯೋಚಿಸಿತು.

"ಸ್ವಲ್ಪ ತಾಳ್ಮೆ ಕಲಿಯಲು ಹೇಳಿ," ಎಂದಿತು.

ಕ್ಷುದ್ರಗ್ರಹ ತನ್ನ ಪಾಡಿಗೆ ತಿರುಗುತ್ತಲೇ ಇತ್ತು. ಸೂರ್ಯ ಆಗಲೇ ಗುಂಡುಬಂಡೆಯ ನೆತ್ತಿಯಿಂದ ಜಾರತೊಡಗಿದ್ದ.